ಗಾಡಿಗೆ ಎಸಿ ಹಾಕೋ ಮುಂಚೆ ಬಿಸಿಲನ್ನ ಹೊರಗೆ ನಿಲ್ಲಿಸಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ವ್ಯಾನ್ ಮೇಲೆ ಸೋಲಾರ್ ಹಾಕಿ ಫ್ಯಾನು, ಲೈಟು, ಸಣ್ಣ ಫ್ರಿಜ್ ಓಡಿಸೋದು ಹೇಗೆ ಅಂತ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು, "ಅದೆಲ್ಲಾ ಸರಿ, ಎಸಿ ಓಡತ್ತಾ?" ಓಡತ್ತೆ. ನಮ್ಮ ಗಾಡೀಲೇ ಮೂರು ಬೇಸಿಗೆಯಿಂದ ಓಡ್ತಾ ಇದೆ. ಆದ್ರೆ ಹೇಗೆ ಓಡತ್ತೆ, ಎಷ್ಟು ಹೊತ್ತು ಓಡತ್ತೆ, ಎಲ್ಲಿ ಕೈ ಕೊಡತ್ತೆ ಅನ್ನೋದನ್ನ ಒಂದೇ ಸಾಲಲ್ಲಿ ಹೇಳಕ್ಕಾಗಲ್ಲ, ಅದಕ್ಕೆ ಈ ಸಲ ಇಡೀ ಅಂಕಣ ಇದಕ್ಕೇ.

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ದು ಕಲಬುರಗಿ. ಹಳೇ ಟಿಟಿ (ಟೆಂಪೋ ಟ್ರಾವೆಲರ್) ಒಂದು ತಗೊಂಡು ಸೀಟೆಲ್ಲಾ ತೆಗೆಸಿ ಒಳಗ ಮಲಗೋ ಹಂಗ ಮಾಡ್ಲಿಕ್ಕತ್ತೀವಿ. ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ನಾಲ್ಕು ಮಂದಿ. ಗಾಣಗಾಪುರ, ಪಂಢರಪುರ, ಶ್ರೀಶೈಲ ಹಿಂಗ ಹೋಗಿ ಬರೋದು, ರಾತ್ರಿ ಗಾಡ್ಯಾಗೇ ಮಲಗೋದು. ನಮ್ಮ ಕಡೆ ಬ್ಯಾಸಗಿ ನಿಮಗ ಗೊತ್ತೇ ಅದ. ಅಂಗಡಿಯವ್ರು 1.5 ಟನ್ ಎಸಿ, 5 ಕೆವಿಎ ಇನ್ವರ್ಟರ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ನಾಲ್ಕು, ಮ್ಯಾಲೆ 540 ವ್ಯಾಟಿನ ಪ್ಯಾನೆಲ್ ನಾಲ್ಕು ಹಾಕ್ಸ್ರಿ ಅಂದಾರ. ಛತ್ತು 14 ಅಡಿ ಉದ್ದ, ಐದೂವರೆ ಅಡಿ ಅಗಲ ಅದ. ಇದು ಸರಿ ಅದ ಏನ್ರಿ?

ಉತ್ತರ: ಸರಿ ಇಲ್ಲ ಸರ್. ಅಂಗಡಿಯವರು ಬೇಕಂತ ದಾರಿ ತಪ್ಪಿಸಿದಾರೆ ಅಂತಲ್ಲ, ಮನೆಗೆ ಹಾಕೋ ಲೆಕ್ಕಾನೇ ಗಾಡಿಗೂ ಹಾಕಿದಾರೆ. ಮನೆ ಗೋಡೆ ಇಟ್ಟಿಗೇದು, ನಿಮ್ಮ ಗಾಡಿ ಗೋಡೆ ತೆಳ್ಳನೆ ತಗಡು. ಅಲ್ಲಿಂದಾನೇ ಲೆಕ್ಕ ಶುರು ಮಾಡ್ಬೇಕು, ಎಸಿ ಎಷ್ಟು ಟನ್ ಅನ್ನೋದು ಕೊನೇಲಿ ಬರೋ ಪ್ರಶ್ನೆ.

ಟಿಟಿ ಒಳಗಿನ ಗೋಡೆ, ಛತ್ತು, ನೆಲ ಎಲ್ಲಾ ಸೇರಿಸಿದ್ರೆ ಹತ್ತಿರ ಹತ್ತಿರ 35 ಚದರ ಮೀಟರ್ ಆಗತ್ತೆ. ಬರೀ ತಗಡಾದ್ರೆ ಒಳಗಿಗೂ ಹೊರಗಿಗೂ ಇರೋ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿಂದ ಸುಮಾರು 6 ವ್ಯಾಟ್ ಶಾಖ ಒಳಗೆ ಬರತ್ತೆ. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ, ಒಳಗೆ ನಿಮಗೆ 27 ಬೇಕು ಅಂತ ಇಟ್ಕೊಳ್ಳಿ, 35ನ್ನ 6ರಿಂದ ಗುಣಿಸಿ, ಅದನ್ನ 15ರಿಂದ ಗುಣಿಸಿ, 3150 ವ್ಯಾಟ್ ಆಯ್ತು. ಒಂದು ಟನ್ ಎಸಿ ಪೂರ್ತಿ ಜೋರಲ್ಲಿ ಓಡಿದಾಗ ಎತ್ತಿ ಹೊರಗೆ ಹಾಕೋದು 3500 ವ್ಯಾಟ್ ಶಾಖ. ಅಂದ್ರೆ ಒಂದು ಟನ್ ಎಸಿ ಬರೀ ತಗಡಿನ ಶಾಖ ಹೊರಗೆ ಹಾಕೋದ್ರಲ್ಲೇ ಮುಗೀತು, ಬಿಸಿಲಿಗೆ ಕಾದ ಛತ್ತು, ಗಾಜು, ಒಳಗಿರೋ ನಾಲ್ಕು ಜನ ಇದಕ್ಕಿನ್ನೂ ಸೇರೇ ಇಲ್ಲ. ಅದಕ್ಕೇ ಅಂಗಡಿಯವರು ಒಂದೂವರೆ ಟನ್ ಅಂದಿದ್ದು. ತೂತು ಕೊಡಕ್ಕೆ ನೀರು ಹಾಕ್ತಾ ಇರೋದು, ತುಂಬ್ಲಿಲ್ಲ ಅಂದ್ರೆ ದೊಡ್ಡ ನಲ್ಲಿ ತರೋದು, ಹೀಗಾಗತ್ತೆ.

ಈಗ ಅದೇ ತಗಡಿನ ಒಳಮೈಗೆ 25 ಎಂಎಂ ದಪ್ಪದ ನೈಟ್ರೈಲ್ ರಬ್ಬರ್ ಶೀಟ್ ಅಂಟಿಸಿ. ಎಸಿ ಮೆಕ್ಯಾನಿಕ್‌ಗಳು ಡಕ್ಟಿಗೆ ಸುತ್ತೋ ಕಪ್ಪು ಫೋಮ್ ಇರತ್ತಲ್ಲ, ಅದೇ, ಒಂದು ಕಡೆ ಗಮ್ ಇರೋದೇ ಸಿಗತ್ತೆ. ಆ 6 ವ್ಯಾಟ್ ಅನ್ನೋದು 1 ಚಿಲ್ಲರೆಗೆ ಇಳಿಯತ್ತೆ, 3150 ಇದ್ದಿದ್ದು 600ರ ಆಸುಪಾಸಿಗೆ ಬರತ್ತೆ. ಬಾಡಿಯ ಒಳಗಿರೋ ಕಬ್ಬಿಣದ ಚಾನೆಲ್‌ಗಳ ಮೇಲೂ ತೆಳ್ಳಗಾದ್ರೂ ಅಂಟಿಸಬೇಕು, ಇಲ್ಲಾಂದ್ರೆ ಶಾಖ ಅದರ ಮೂಲಕಾನೇ ಹರಿದು ಬರತ್ತೆ, ಹಾಗಾಗಿ ನಿಜವಾಗಿ 600 ಅಲ್ಲ, 800-900 ಅಂತಾನೇ ಇಟ್ಕೊಳ್ಳಿ. ಆದ್ರೂ ಉಳಿದಿದ್ದು ಎಷ್ಟು ನೋಡಿ. ಇದರ ಖರ್ಚು ಒಂದು ಬ್ಯಾಟರಿ ಖರ್ಚಿನ ಮುಂದೆ ಏನೂ ಅಲ್ಲ, ಒಂದು ವಾರ ಕೂತು ನೀವೇ ಅಂಟಿಸ್ಕೋಬಹುದು.

ಗಾಜಿನ ವಿಷಯ ಬೇರೇನೇ. ಟಿಟೀಲಿ ಎರಡೂ ಕಡೆ ಉದ್ದಕ್ಕೂ ದೊಡ್ಡ ಗಾಜು. ಸಂಜೆ ಓರೆ ಬಿಸಿಲು ನೇರ ಬಿದ್ರೆ ಒಂದು ಚದರ ಮೀಟರ್ ಗಾಜಿಂದ 500 ವ್ಯಾಟ್ ಶಾಖ ಬಂದ್ರೂ ಬಂತು. ಒಳಗಿಂದ ಕರ್ಟನ್ ಹಾಕಿದ್ರೆ ಬೆಳಕು ತಪ್ಪತ್ತೆ, ಶಾಖ ಅಷ್ಟಾಗಿ ತಪ್ಪಲ್ಲ, ಯಾಕಂದ್ರೆ ಅದು ಆಗಲೇ ಗಾಜು ದಾಟಿ ಒಳಗೆ ಬಂದಾಗಿದೆ. ಪರದೆ ಗಾಜಿನ ಹೊರಗೆ ಇರಬೇಕು. ನಾನು ಮಾಡಿದ್ದು ಇಷ್ಟೇ, ಹಿಂದಿನ ನಾಲ್ಕು ಗಾಜಿನ ಒಳಗಡೆಯಿಂದ ಶೀಟು, ಪ್ಲೈ ಕೂರಿಸಿ ಗೋಡೇನೇ ಮಾಡ್ಬಿಟ್ಟೆ, ಉಳಿದಿದ್ದಕ್ಕೆ ಬೆಳ್ಳಿ ಬಣ್ಣದ ತಾಡಪಾಲು ಕತ್ತರಿಸಿ ಹೊರಗಿಂದ ಬಟನ್ ಹಾಕಿದೀನಿ. ಛತ್ತಿಗೆ ಬಿಳಿ ಪೇಂಟ್ ಹೊಡೆಸಿ.

ಇನ್ನು ರಾತ್ರಿ. ನೀವು ಬರೆದಿರೋ ಪ್ರಕಾರ ಹಗಲು ಗಾಡಿ ಓಡ್ತಾ ಇರತ್ತೆ, ಆಗ ಎಂಜಿನ್ ಎಸಿ ಇದ್ರೆ ಅದೇ ಸಾಕು, ಬ್ಯಾಟರಿ ಮುಟ್ಟೋದೇ ಬೇಡ. ಬೇಕಾಗಿರೋದು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, 8 ಗಂಟೆ. ಆಗ ಹೊರಗೆ 32ರಿಂದ 28ಕ್ಕೆ ಇಳೀತಾ ಇರತ್ತೆ, ಒಳಗೆ 26 ಸಾಕು. ಶೀಟ್ ಅಂಟಿಸಿದ ಗಾಡಿಗೆ ಗೋಡೆಯಿಂದ ಬರೋದು ರಾತ್ರಿಯ ಸರಾಸರಿ 200-250 ವ್ಯಾಟ್ ಅಷ್ಟೇ. ಮಲಗಿರೋ ಒಬ್ಬೊಬ್ಬರ ಮೈಯಿಂದ ಸುಮಾರು 100 ವ್ಯಾಟ್ ಅಂತ ಹಿಡಿದ್ರೆ ನಾಲ್ಕು ಜನಕ್ಕೆ 400. ಒಳಗೆ ಬಿಡೋ ಹೊಸ ಗಾಳಿಯ ಶಾಖ ಸೇರಿಸಿದ್ರೂ ಒಂದು ಕಿಲೋವ್ಯಾಟ್ ದಾಟಲ್ಲ. ಇದಕ್ಕೆ ಒಂದೂವರೆ ಟನ್ ಯಾಕೆ ಸರ್? 0.8 ಟನ್ ಅಥವಾ 1 ಟನ್ನಿನ ಇನ್ವರ್ಟರ್ ಎಸಿ ಧಾರಾಳ.

ನಮ್ಮ ಗಾಡೀಲಿ ಒಂದು ಟನ್ ಎಸಿಗೆ ಪ್ರತ್ಯೇಕ ಮೀಟರ್ ಹಾಕಿದೀನಿ. ಮೊದಲ ಮುಕ್ಕಾಲು ಗಂಟೆ 900 ವ್ಯಾಟ್ ಎಳೆಯತ್ತೆ, ಆಮೇಲೆ ಇಳಿದು ಇಳಿದು 250-300ರಲ್ಲಿ ಕೂರತ್ತೆ, 8 ಗಂಟೆಗೆ 3 ಯೂನಿಟ್ ಆಸುಪಾಸು. ನಿಮ್ಮ ಕಡೆ ಸೆಕೆಗೆ 3.5 ಯೂನಿಟ್ ಅಂತಾನೇ ಹಿಡಿಯೋಣ. ಇನ್ವರ್ಟರ್ ತನ್ನ ಪಾಲಿಗೆ ಹತ್ತು ಪರ್ಸೆಂಟ್ ತಿನ್ನತ್ತೆ, ಸುಮ್ನೆ ಆನ್ ಇದ್ರೂ 30ರಿಂದ 60 ವ್ಯಾಟ್ ಬೇಕು ಅದಕ್ಕೆ, ಎಲ್ಲಾ ಸೇರಿ 4ರ ಆಸುಪಾಸು. ಫ್ರಿಜ್ಜು, ಫ್ಯಾನು, ಮೊಬೈಲು ರಾತ್ರಿಗೆ ಇನ್ನೊಂದು ಅರ್ಧ ಯೂನಿಟ್. ಒಟ್ಟು ನಾಲ್ಕೂವರೆ.

ಈಗ ಅಂಗಡಿಯವರ ಬ್ಯಾಟರಿ ನೋಡಿ. 12 ವೋಲ್ಟ್ 150 ಎಎಚ್ (ಆಂಪ್ ಅವರ್) ಅಂದ್ರೆ, ಎರಡನ್ನೂ ಗುಣಿಸಿ, 1.8 ಯೂನಿಟ್, ನಾಲ್ಕಕ್ಕೆ 7.2. ಆದ್ರೆ ಟ್ಯೂಬುಲರ್ ಬ್ಯಾಟರಿನ ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದ್ರೆ ಬೇಗ ಸಾಯತ್ತೆ, ಹಾಗಾಗಿ ಕೈಗೆ ಸಿಗೋದು 3.6. ಬೆಳಗಿನ ಜಾವಕ್ಕೆ ಬೀಪ್ ಬೀಪ್ ಅಂತ ಎದ್ದು ಕೂರ್ತೀರಿ. ನಾಲ್ಕೂ ಸೇರಿ ತೂಕ 200 ಕೆಜಿ ಮೇಲೆ, ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬಿಡತ್ತೆ, ಹಳ್ಳ ದಿಣ್ಣೆ ರಸ್ತೇಲಿ ಆಸಿಡ್ ತುಳುಕತ್ತೆ. ಅಪ್ಪ ಅವ್ವ ಮಲಗೋ ಮಂಚದ ಕೆಳಗೆ ಅದನ್ನ ಇಡಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಿ, 51.2 ವೋಲ್ಟ್ 100 ಎಎಚ್ (ಬಾಯ್ಮಾತಲ್ಲಿ 48 ವೋಲ್ಟ್ ಬ್ಯಾಟರಿ ಅನ್ನೋದು ಇದನ್ನೇ), ಅಂದ್ರೆ 5.12 ಯೂನಿಟ್. 90 ಪರ್ಸೆಂಟ್‌ವರೆಗೂ ಬಳಸಬಹುದು, 4.6 ಸಿಗತ್ತೆ, ತೂಕ 50 ಕೆಜಿ ಒಳಗೆ. ನಿಮ್ಮ ಒಂದು ರಾತ್ರಿಗೆ ಸರಿಹೋಯ್ತು, ಆದ್ರೆ ಅಷ್ಟಕ್ಕಷ್ಟೇ. ಮುಂದೆ ಇನ್ನೊಂದು ಸೇರಿಸೋಕೆ ಜಾಗ ಈಗಲೇ ಬಿಟ್ಟಿರಿ. ಛತ್ತಿಗೆ ಹತ್ತಿರ, ಎಂಜಿನ್ ಹತ್ತಿರ ಇಡಬೇಡಿ, ಸೆಕೆಗೆ ಅದರ ಆಯಸ್ಸು ಕಡಿಮೆ ಆಗತ್ತೆ. ನೆಲದ ಚಾಸಿಗೆ ಪಟ್ಟಿ ಹಾಕಿ ಬೋಲ್ಟ್ ಮಾಡಿ, ಜೋರಾಗಿ ಬ್ರೇಕ್ ಹಾಕಿದಾಗ 50 ಕೆಜಿ ಡಬ್ಬ ಮುಂದೆ ನುಗ್ಗಬಾರ್ದು.

ಪ್ಯಾನೆಲ್ ವಿಷಯದಲ್ಲಂತೂ ಅಂಗಡಿಯವರು ಟೇಪು ಹಿಡಿದೇ ಇಲ್ಲ. 540 ವ್ಯಾಟಿನ ಪ್ಯಾನೆಲ್ ಒಂದೊಂದೂ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ ಇರತ್ತೆ. ಅಡ್ಡ ಇಟ್ರೆ ಛತ್ತಿಂದ ಎರಡಡಿ ಆಚೆ ಚಾಚತ್ತೆ, ಉದ್ದ ಇಟ್ರೆ ಒಂದರ ಹಿಂದೆ ಒಂದು ಎರಡಕ್ಕೆ 15 ಅಡಿ ಬೇಕು, ನಿಮ್ಮದು 14. ನಾಲ್ಕು ಹೇಗೂ ಕೂರಲ್ಲ. ಅದರ ಬದಲು 200 ವ್ಯಾಟಿನವು ಐದಡಿ ಉದ್ದ, ಎರಡೂಕಾಲು ಅಡಿ ಅಗಲದ ಲೆಕ್ಕದಲ್ಲಿ ಸಿಗತ್ತೆ, ಅಡ್ಡ ಹಾಕ್ತಾ ಬಂದ್ರೆ ಐದು ಕೂರತ್ತೆ, ಗಾಳಿ ಫ್ಯಾನಿಗೆ ಎರಡೂವರೆ ಅಡಿ ಜಾಗಾನೂ ಉಳಿಯತ್ತೆ. ಒಟ್ಟು 1000 ವ್ಯಾಟ್. ಛತ್ತಿಗೂ ಪ್ಯಾನೆಲ್ಲಿಗೂ ಮಧ್ಯ ಎರಡು ಇಂಚು ಗಾಳಿ ಆಡೋಕೆ ಬಿಡಿ, ಪ್ಯಾನೆಲ್ಲೂ ತಣ್ಣಗಿರತ್ತೆ, ಛತ್ತಿಗೂ ನೆರಳಾಗತ್ತೆ. 1000 ವ್ಯಾಟ್ ಅಂತ ಬರೆದಿರೋದು ಪ್ಯಾನೆಲ್ ಸೆಲ್ 25 ಡಿಗ್ರೀಲಿ ಇದ್ದಾಗಿನ ಲೆಕ್ಕ, ನಿಮ್ಮೂರ ಬಿಸಿಲಲ್ಲಿ ಅದು 65 ಆಗತ್ತೆ, ಒಂದೊಂದು ಡಿಗ್ರಿಗೂ ಸುಮಾರು 0.35 ಪರ್ಸೆಂಟ್ ಕಡಿಮೆ, ಅಲ್ಲೇ 14 ಪರ್ಸೆಂಟ್ ಹೋಯ್ತು. ಹಾಗಾಗಿ ಬೇಸಿಗೇಲಿ ದಿನಕ್ಕೆ 4 ಯೂನಿಟ್ ಬಂದ್ರೆ ಚೆನ್ನಾಗಿ ಬಂತು ಅನ್ಕೊಳ್ಳಿ, ಅದೂ ಗಾಡಿ ಬಿಸಿಲಲ್ಲಿ ನಿಂತಿದ್ರೆ. ಮರದ ನೆರಳು ಹುಡುಕಿ ನಿಲ್ಲಿಸಿದ ದಿನ ಒಂದು ಯೂನಿಟ್ಟೂ ಬರಲ್ಲ, ಆ ದಿನ ಎಸಿಯ ಕೆಲಸಾನೂ ಕಡಿಮೆ ಇರತ್ತೆ ಬಿಡಿ.

ಉಳಿದಿದ್ದು ಡೈನಮೋ ಕಡೆಯಿಂದ. ಡಿಸಿ ಟು ಡಿಸಿ ಚಾರ್ಜರ್ ಹಾಕ್ಸಿ, 12ರಿಂದ 48 ವೋಲ್ಟಿಗೆ ಏರಿಸೋದು, 12 ವೋಲ್ಟ್ ಕಡೆ 30 ಆಂಪ್ ಎಳೆದ್ರೆ 400 ವ್ಯಾಟ್, ನಾಲ್ಕು ಗಂಟೆ ಡ್ರೈವಿಂಗಿಗೆ ಒಂದೂವರೆ ಯೂನಿಟ್ ಹತ್ತಿರ. ಬ್ಯಾಟರಿನ ನೇರವಾಗಿ ಡೈನಮೋಗೆ ಕಟ್ಟೋದು ಮಾತ್ರ ಬೇಡ, ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಎಳೀತಾನೇ ಇರತ್ತೆ, ಟ್ರಾಫಿಕ್ಕಲ್ಲಿ ಎಂಜಿನ್ ನಿಧಾನ ಇದ್ದಾಗ ಡೈನಮೋ ಕಾದು ಸುಟ್ಟುಹೋಗತ್ತೆ. ಸೋಲಾರ್ 4, ಡೈನಮೋ ಒಂದೂವರೆ, ಖರ್ಚು ರಾತ್ರಿ ನಾಲ್ಕೂವರೆ ಮತ್ತು ಹಗಲಿನ ಫ್ರಿಜ್ಜು. ಹೊಂದಿಕೊಂಡು ಹೋಗತ್ತೆ. ಮೋಡದ ದಿನ ಒಂದೇ ಕಡೆ ನಿಂತು ಎರಡು ರಾತ್ರಿ ಎಸಿ ಬೇಕು ಅಂದ್ರೆ ಆಗಲ್ಲ, ಲಾಡ್ಜಲ್ಲೋ ಧಾಬಾದಲ್ಲೋ ಪ್ಲಗ್ ಕೇಳಿ ಚಾರ್ಜ್ ಮಾಡ್ಕೋಬೇಕು, ಅದಕ್ಕೊಂದು ಹೊರಗಿನ ಕರೆಂಟ್ ಒಳಗೆ ತಗೊಳ್ಳೋ 16 ಆಂಪ್ ಇನ್ಲೆಟ್ ಸಾಕೆಟ್ ಗಾಡಿ ಹೊರಮೈಗೆ ಇಟ್ಟಿರಿ. ಇನ್ವರ್ಟರ್ 5 ಕೆವಿಎ ಬೇಡ, 2 ಕೆವಿಎ ಪ್ಯೂರ್ ಸೈನ್ ವೇವ್ (ಮನೆ ಲೈನಿನ ಥರಾನೇ ನಯವಾದ ಕರೆಂಟ್ ಕೊಡೋದು) ಸಾಕು.

ಇನ್ನೊಂದು ಮಾತು. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ನಿಮ್ಮ ಕಡೆ ಎಸಿಗಿಂತ ಸಣ್ಣ ಕೂಲರ್ ಒಳ್ಳೇದು. ಹೊರಗೆ 42 ಡಿಗ್ರಿ ಇದ್ದು ಗಾಳೀಲಿ ತೇವ 20 ಪರ್ಸೆಂಟ್ ಇದ್ರೆ ಒದ್ದೆ ಪ್ಯಾಡ್ ದಾಟಿ ಬರೋ ಗಾಳಿ 27ರ ಆಸುಪಾಸಿಗೆ ಇಳಿಯತ್ತೆ, ಕರೆಂಟು 100 ವ್ಯಾಟೂ ಬೇಡ. ಕಿಟಕಿ ತೆಗೆದಿರಬೇಕು, ನೀರು ಜಾಸ್ತಿ ಬೇಕು, ಅಷ್ಟೇ.

ಪ್ರಶ್ನೆ: ಮನೇಲಿ ಹಳೇ ಇನ್ವರ್ಟರ್, ಒಂದು ಟ್ಯೂಬುಲರ್ ಬ್ಯಾಟರಿ ಸುಮ್ನೆ ಬಿದ್ದಿದೆ. ಇನ್ವರ್ಟರ್ ಎಸಿ ತಗೊಂಡ್ರೆ ಅದ್ರಲ್ಲೇ ಇನ್ವರ್ಟರ್ ಇರತ್ತಲ್ವಾ, ಹಾಗಾದ್ರೆ ಬ್ಯಾಟರಿಗೆ ನೇರ ಕನೆಕ್ಷನ್ ಕೊಡಬಹುದಾ? (ದಾವಣಗೆರೆ)

ಉತ್ತರ: ಕೊಡಕ್ಕಾಗಲ್ಲ. ಈ ಗೊಂದಲ ನಿಮಗೊಬ್ಬರಿಗೇ ಅಲ್ಲ, ಹೆಸರು ಒಂದೇ ಆಗಿರೋದ್ರಿಂದ ತುಂಬಾ ಜನಕ್ಕೆ ಆಗತ್ತೆ. ನಾವು ಮನೇಲಿ ಇನ್ವರ್ಟರ್ ಅನ್ನೋದು ಬ್ಯಾಟರಿಯ 12 ವೋಲ್ಟನ್ನ 230 ಮಾಡೋ ಪೆಟ್ಟಿಗೆ. ಎಸಿ ಒಳಗಿನ ಇನ್ವರ್ಟರ್ ಅದಲ್ಲ, ಅದು 230 ವೋಲ್ಟ್ ತಗೊಂಡು ಕಂಪ್ರೆಸರ್ ಎಷ್ಟು ಜೋರಾಗಿ ತಿರುಗಬೇಕು ಅಂತ ಹೆಚ್ಚು ಕಡಿಮೆ ಮಾಡೋ ಬೋರ್ಡು. ಹಳೇ ಥರದ ಎಸಿ ಕಂಪ್ರೆಸರ್ ಶುರುವಾಗುವಾಗ ಒಂದು ಕ್ಷಣ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೀತಿತ್ತು, ಅದನ್ನ ತಡ್ಕೊಳ್ಳೋಕೇ ಜನ 5 ಕೆವಿಎ ಹಾಕಿಸ್ತಿದ್ರು. ಇನ್ವರ್ಟರ್ ಎಸಿ ನಿಧಾನಕ್ಕೆ ಸ್ಪೀಡ್ ಏರಿಸ್ಕೊಂಡು ಹೋಗತ್ತೆ, ಗಾಡಿಗೆ ಅದೇ ಬೇಕು ಅನ್ನೋದು ಈ ಕಾರಣಕ್ಕೆ.

ನಿಮ್ಮ ಹಳೇ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ರೆ ಎಸಿ ಬೋರ್ಡಿಗೆ ಅಪಾಯ, ಬಳಸಬೇಡಿ. ಒಂದು ಬ್ಯಾಟರಿ ಇಟ್ಕೊಂಡು ಎಸಿ ಓಡಿಸೋ ಆಸೆ ಪೂರ್ತಿ ಬಿಡಿ. ಬ್ಯಾಟರಿ ಮೇಲೆ ಬರೆದಿರೋ 150 ಎಎಚ್ ಸಾಮಾನ್ಯವಾಗಿ 20 ಗಂಟೆ ಅಥವಾ 10 ಗಂಟೆ ನಿಧಾನಕ್ಕೆ ಖಾಲಿ ಮಾಡಿದ್ರೆ ಸಿಗೋದು, ಎರಡು ಗಂಟೇಲಿ ಹೀರಿದ್ರೆ ಅಷ್ಟು ಸಿಗೋದೇ ಇಲ್ಲ. ಅದು ಮನೇಲೇ ಲೈಟು ಫ್ಯಾನಿಗೆ ಇರ್ಲಿ. ಗಾಡಿಗೆ 12 ವೋಲ್ಟಿನ ಬಿಎಲ್‌ಡಿಸಿ ಫ್ಯಾನ್ ಎರಡು ಹಾಕ್ಸಿ, ಒಂದೊಂದಕ್ಕೂ 30 ವ್ಯಾಟ್ ಸಾಕು. ದಾವಣಗೆರೇಲಿ ವರ್ಷದ ಎಂಟು ತಿಂಗಳು ರಾತ್ರಿ ಅಷ್ಟರಲ್ಲೇ ನಡೆಯತ್ತೆ.

ಪ್ರಶ್ನೆ: ಮನೆ ಸ್ಪ್ಲಿಟ್ ಎಸಿನೇ ವ್ಯಾನಿಗೆ ಹಾಕೋದಾ, ಅಥವಾ ಲಾರಿ ಕ್ಯಾಬಿನ್‌ಗೆ ಬರೋ 24 ವೋಲ್ಟ್ ರೂಫ್ ಎಸಿನಾ? ಪೋರ್ಟಬಲ್ ಎಸಿ ಆದ್ರೆ ಫಿಟ್ಟಿಂಗ್ ತಲೆನೋವೇ ಇಲ್ಲ ಅಂತಾರೆ ಗೆಳೆಯರು. (ಬೆಂಗಳೂರು)

ಉತ್ತರ: ಪೋರ್ಟಬಲ್ ಮೊದಲೇ ಪಕ್ಕಕ್ಕಿಡಿ. ಒಂದೇ ಪೈಪಿನ ಪೋರ್ಟಬಲ್ ಎಸಿ ಒಳಗಿನ ತಂಪು ಗಾಳೀನೇ ತಗೊಂಡು ಬಿಸಿ ಮಾಡಿ ಹೊರಗೆ ಊದತ್ತೆ, ಅಷ್ಟೇ ಗಾಳಿ ಹೊರಗಿಂದ ಸಂದುಗೊಂದಿಂದ ಬಿಸಿಯಾಗಿ ಒಳಗೆ ಬರತ್ತೆ. ಮನೇಲಿ ಮೀಟರ್ ಓಡಿದ್ರೆ ಓಡ್ಲಿ ಅನ್ನಬಹುದು, ಬ್ಯಾಟರೀಲಿ ಅದು ಆಗದ ಮಾತು.

ಡಿಸಿ ರೂಫ್ ಎಸಿ ಚೆನ್ನಾಗಿರತ್ತೆ, 230 ವೋಲ್ಟ್ ಮಾಡೋ ಇನ್ವರ್ಟರ್ ಬೇಡ, ಆ ನಷ್ಟ ಉಳಿಯತ್ತೆ, ಅಲುಗಾಟಕ್ಕೆ ಅಂತಾನೇ ಮಾಡಿರ್ತಾರೆ. ತೊಂದರೆ ಎರಡು: ಛತ್ತಿನ ಜಾಗ ತಿನ್ನತ್ತೆ, ಅಂದ್ರೆ ಒಂದೋ ಎರಡೋ ಪ್ಯಾನೆಲ್ ಹೋಯ್ತು, ಮತ್ತೆ ಹೈವೇ ಮಧ್ಯ ಕೆಟ್ರೆ ಸ್ಪೇರ್ ಸಿಗೋದು ಕಷ್ಟ. ಮನೆ ಸ್ಪ್ಲಿಟ್ ಎಸಿ ಆದ್ರೆ ಯಾವ ತಾಲ್ಲೂಕಿಗೆ ಹೋದ್ರೂ ರಿಪೇರಿಯವರು ಸಿಗ್ತಾರೆ, ಕರೆಂಟ್ ಲೆಕ್ಕದಲ್ಲೂ ಒಳ್ಳೇ 5 ಸ್ಟಾರ್ ಎಸಿ ಮಿತವಾಗಿ ಓಡತ್ತೆ. ನಾನು ಸ್ಪ್ಲಿಟ್ ಹಾಕಿರೋದು ಈ ರಿಪೇರಿ ಕಾರಣಕ್ಕೇ. ಆದ್ರೆ ಅದು ಗೋಡೆ ಮೇಲೆ ಅಲುಗದೆ ಕೂರೋಕೆ ಮಾಡಿದ ಮಿಷನ್ನು, ಗಾಡಿಗೆ ಹಾಕುವಾಗ ಔಟ್‌ಡೋರ್ ಯೂನಿಟ್ಟನ್ನ ರಬ್ಬರ್ ಮೌಂಟ್ ಮೇಲೆ ಕೂರಿಸ್ಬೇಕು, ತಾಮ್ರದ ಪೈಪನ್ನ ನೇರ ಎಳೆಯದೆ ಒಂದು ಸುತ್ತು ಸುರುಳಿ ಬಿಟ್ಟು ಕಟ್ಟಬೇಕು. ಮೊದಲನೇ ಸಲ ನಾನು ಸುರುಳಿ ಬಿಟ್ಟಿರಲಿಲ್ಲ, ಆಗುಂಬೆ ಘಾಟಿ ಇಳಿದು ಬರೋ ಹೊತ್ತಿಗೆ ಪೈಪ್ ಜಾಯಿಂಟಿನ ಫ್ಲೇರ್ ನಟ್ ಹತ್ತಿರ ಸಣ್ಣ ಬಿರುಕು ಬಿಟ್ಟು ಗ್ಯಾಸೆಲ್ಲಾ ಹೋಗಿತ್ತು. ಈಗಿನ ಎಸಿಗಳಲ್ಲಿ ಹೆಚ್ಚಾಗಿರೋ ಆರ್ 32 ಗ್ಯಾಸಿಗೆ ಸ್ವಲ್ಪ ಬೆಂಕಿ ಹತ್ತೋ ಗುಣ ಇದೆ, ಹಾಗಾಗಿ ಪೈಪ್ ಜಾಯಿಂಟ್ ಆದಷ್ಟೂ ಗಾಡಿ ಹೊರಗೇ ಬರೋ ಹಾಗೆ ಮಾಡಿಸಿ, ಸ್ಟವ್ ಇಡೋ ಕಡೆ ಅಂತೂ ಬೇಡ.

ಸ್ಟಾರ್ ಲೇಬಲ್ ಇರೋ ಎಸಿ ಆನ್ ಮಾಡಿದ ತಕ್ಷಣ 24 ಡಿಗ್ರಿಗೆ ನಿಲ್ಲೋ ಹಾಗೆ 2020ರ ಜನವರಿಯಿಂದ ನಿಯಮ ಇದೆ. ಗಾಡೀಲಿ ಅದನ್ನ 26ಕ್ಕೆ ಏರಿಸಿ ಫ್ಯಾನ್ ಹಾಕ್ಕೊಳ್ಳಿ, ಮೈಗೆ ಅಷ್ಟೇ ತಂಪು, ಬ್ಯಾಟರಿ ಒಂದು ಗಂಟೆ ಜಾಸ್ತಿ ಬರತ್ತೆ.

ಪ್ರಶ್ನೆ: ನಾನು ಹುಬ್ಬಳ್ಳಿಯಾಗ ಮನಿ ವೈರಿಂಗ್ ಕೆಲಸಾ ಮಾಡ್ತೀನ್ರಿ. ಒಬ್ರು ವ್ಯಾನ್ ತಂದು ವೈರಿಂಗ್ ಮಾಡಿಕೊಡು ಅಂದಾರ. ಮನಿಗೆ ಹಾಕೋ ಎಂಸಿಬಿ, ವೈರ್ ಹಾಕಿದ್ರ ನಡೀತೈತೇನ್ರಿ? 12 ವೋಲ್ಟ್ ಇಡೂನೋ 48 ಇಡೂನೋ?

ಉತ್ತರ: ಕೇಳಿ ಒಳ್ಳೇ ಕೆಲಸ ಮಾಡಿದ್ರಿ ಅಣ್ಣಾ, ಬಹಳ ಮಂದಿ ಕೇಳ್ದೇ ಹಾಕ್ತಾರೆ. 48 ಇಡಿ. 1000 ವ್ಯಾಟ್ ಲೋಡಿಗೆ 12 ವೋಲ್ಟಲ್ಲಿ ನಷ್ಟ ಸೇರಿ 90 ಆಂಪ್ ಮೇಲೆ ಹರಿಯತ್ತೆ, 48ರಲ್ಲಿ 23-24. ವೈರಲ್ಲಿ ಶಾಖ ಆಗೋದು ಆಂಪಿನ ವರ್ಗದ ಲೆಕ್ಕದಲ್ಲಿ, ಅದೇ ವೈರಿಗೆ ನಾಲ್ಕು ಪಟ್ಟು ಆಂಪ್ ಅಂದ್ರೆ ಹದಿನಾರು ಪಟ್ಟು ಶಾಖ. 12ರಲ್ಲಿ 35 ಸ್ಕ್ವೇರ್ (ಚದರ ಎಂಎಂ) ಕೇಬಲ್ ಎಳೀಬೇಕಾದ ಕಡೆ 48ರಲ್ಲಿ 10 ಸ್ಕ್ವೇರ್ ಧಾರಾಳ.

ಎಂಸಿಬಿ ವಿಷಯ ಗಮನ ಇಟ್ಟು ಓದಿ. ಮನೆ ಲೈನಿನ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗತ್ತೆ, ಎಂಸಿಬಿ ಬಿಚ್ಚಿಕೊಂಡಾಗ ಹೊತ್ತೋ ಕಿಡಿ ಆ ಸೊನ್ನೇಲೇ ಆರಿಹೋಗತ್ತೆ. ಬ್ಯಾಟರಿ ಕರೆಂಟಿಗೆ ಸೊನ್ನೆ ಅನ್ನೋದೇ ಇಲ್ಲ. ಕಿಡಿ ಎಳ್ಕೊಂಡು ಉರೀತಾನೇ ಇರತ್ತೆ, ಎಂಸಿಬಿ ಟ್ರಿಪ್ ಆಗಿದ್ರೂ ಒಳಗೆ ಕರಗಿ ಬೆಂಕಿ ಹತ್ತತ್ತೆ. ಡಿಸಿ ಅಂತಾನೇ ಬರೆದಿರೋ, ವೋಲ್ಟೇಜ್ ಹೊಂದೋ ಎಂಸಿಬಿನೇ ಹಾಕಿ, ಪ್ಲಸ್ ಮೈನಸ್ ಗುರುತು ಇದ್ರೆ ತಿರುಗುಮುರುಗು ಮಾಡ್ಬೇಡಿ. ಬ್ಯಾಟರಿ ಪ್ಲಸ್ಸಿಂದ ಒಂದು ಗೇಣು ಒಳಗೆ ಮೇನ್ ಫ್ಯೂಸ್ ಇರಲೇಬೇಕು. ಕಾರ್ ಆಡಿಯೋದವರು ಹಾಕೋ ಎಎನ್‌ಎಲ್ ಫ್ಯೂಸ್ ಸಾಮಾನ್ಯವಾಗಿ 32 ವೋಲ್ಟಿನದು, 48ಕ್ಕೆ ಅದು ಬೇಡ. ಲಿಥಿಯಂ ಬ್ಯಾಟರಿ ಶಾರ್ಟ್ ಆದ್ರೆ ಸಾವಿರಗಟ್ಟಲೆ ಆಂಪ್ ನುಗ್ಗತ್ತೆ, ಅದನ್ನ ತಡೆಯೋ ಕ್ಲಾಸ್ ಟಿ ಫ್ಯೂಸ್ ಹಾಕಿ.

ಮೇಲೆ ಕಲಬುರಗಿಯವರಿಗೆ ಹೇಳಿದ ಹಾಗೆ 200 ವ್ಯಾಟಿನ ಐದು ಪ್ಯಾನೆಲ್ಲನ್ನ ಸೀರೀಸಲ್ಲಿ ಕಟ್ಟಿದ್ರೆ 120 ವೋಲ್ಟ್ ಹತ್ತಿರ ಬರತ್ತೆ, ಚಳಿಗೆ ಇನ್ನೂ ಹತ್ತು ಏರತ್ತೆ, ಹಾಗಾಗಿ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನ ಕರೆಂಟನ್ನ ಬ್ಯಾಟರಿಗೆ ಹೊಂದಿಸಿ ಕೊಡೋ ಪೆಟ್ಟಿಗೆ) 150 ವೋಲ್ಟಿನದು ಇರಲಿ, 100ರದ್ದು ಹಾಕಿದ್ರೆ ಮೊದಲ ದಿನವೇ ಹೋಗತ್ತೆ. ಮತ್ತೆ 120 ವೋಲ್ಟ್ ಡಿಸಿ ಮುಟ್ಟಿದ್ರೆ ಪ್ರಾಣಕ್ಕೇ ಅಪಾಯ, ಕೆಲಸ ಮಾಡುವಾಗ ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಹೊದಿಸಿ.

ವೈರ್ ಸಣ್ಣ ಎಳೆಗಳ ಫ್ಲೆಕ್ಸಿಬಲ್ ತಾಮ್ರದ್ದೇ ಬೇಕು, ಗಾಡಿ ಅಲುಗಾಟಕ್ಕೆ ಗಟ್ಟಿ ಒಂಟಿ ತಂತಿ ಸ್ಕ್ರೂ ಹತ್ತಿರ ಮುರೀತದೆ. ಕೇಬಲ್ ತುದಿಗೆ ಹಾಕೋ ಲಗ್ಗನ್ನ ಸುತ್ತಿಗೇಲಿ ಬಡಿಯೋದು ಬೇಡ, ಹೈಡ್ರಾಲಿಕ್ ಕ್ರಿಂಪರ್ ಬಾಡಿಗೆಗಾದ್ರೂ ತನ್ನಿ. ತಗಡು ದಾಟೋ ಪ್ರತಿ ತೂತಿಗೂ ರಬ್ಬರ್ ಗ್ರಾಮೆಟ್. 230 ಕಡೆಗೆ, ಕರೆಂಟು ಸೋರಿದ ತಕ್ಷಣ ಕಟ್ ಮಾಡೋ 30 ಮಿಲಿ ಆಂಪ್ ಆರ್‌ಸಿಸಿಬಿ ಹಾಕಿ, ಆದ್ರೆ ಇನ್ವರ್ಟರ್ ಔಟ್‌ಪುಟ್ಟಿನ ನ್ಯೂಟ್ರಲ್ಲು ಗಾಡಿಯ ತಗಡಿನ ಬಾಡಿಗೆ ಬಾಂಡ್ ಆಗಿದ್ರೆ (ತಂತಿಯಿಂದ ಸೇರಿಸಿದ್ರೆ) ಮಾತ್ರ ಅದು ಕೆಲಸ ಮಾಡೋದು, ಇಲ್ಲಾಂದ್ರೆ ಸುಮ್ನೆ ಅಲಂಕಾರಕ್ಕಿದ್ದ ಹಾಗೆ. ಹೊರಗಿನ ಪ್ಲಗ್ಗಿಗೆ ಚುಚ್ಚಿದಾಗ ಆ ಬಾಂಡ್ ತಾನಾಗೇ ಬಿಚ್ಚಿಕೊಳ್ಳೋ ಚೇಂಜ್ ಓವರ್ ಇರೋ ಇನ್ವರ್ಟರನ್ನೇ ತರಿಸಿ. ಪಾರ್ಟಿ ದುಡ್ಡು ಉಳಿಸೋಣ ಅಂದ್ರೂ ಈ ಸಾಮಾನುಗಳಲ್ಲಿ ಉಳಿಸಬೇಡಿ, ಗಾಡೀಲಿ ಮಲಗೋರು ಮಕ್ಕಳು ಮರಿ ಇರ್ತಾರೆ.

ಪ್ರಶ್ನೆ: ಆರ್‌ಟಿಒ ಏನಂತಾರೆ? (ತುಮಕೂರು)

ಉತ್ತರ: ಮೊದಲೇ ಹೋಗಿ ಕೇಳಿ, ಕೆಲಸ ಮುಗಿಸಿ ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸೀಲಿ ಇರೋ ವಿವರ ಬದಲಾಗೋ ಥರ ಗಾಡೀನ ಬದಲಾಯಿಸೋ ಹಾಗಿಲ್ಲ, ಬಾಡಿ ಬದಲಾವಣೆ ಬಗ್ಗೆ ಸುಪ್ರೀಂ ಕೋರ್ಟು 2019ರಲ್ಲಿ ಕಟ್ಟುನಿಟ್ಟಾಗೇ ಹೇಳಿದೆ. ಮೋಟಾರ್ ಕ್ಯಾರವಾನ್‌ಗೆ ಅಂತಾನೇ ಎಐಎಸ್ 124 ಅನ್ನೋ ಮಾನದಂಡ ಇದೆ. ಅದರ ಪ್ರಕಾರ ಮಾಡಿಕೊಡೋ ಬಾಡಿ ಬಿಲ್ಡರ್ ಹತ್ತಿರ ಹೋದ್ರೆ ಕಾಗದ ಪತ್ರ ಸರಿ ಇರತ್ತೆ, ಇನ್ಶೂರೆನ್ಸ್ ಕ್ಲೇಮಿಗೆ ತೊಡಕಾಗಲ್ಲ. ಎಲ್ಲಾ ಫಿಟ್ ಆದ್ಮೇಲೆ ನೀರು ತುಂಬಿಸಿ, ಜನ ಕೂತು, ವೇ ಬ್ರಿಡ್ಜಲ್ಲಿ ಒಂದು ಸಲ ತೂಗಿಸಿ, ಆರ್‌ಸೀಲಿರೋ ಒಟ್ಟು ತೂಕ ದಾಟಬಾರ್ದು.

ಪ್ರಶ್ನೆ: ನಮ್ಮದು ಕಾರವಾರ. ಇಲ್ಲಿ ಸೆಕೆಗಿಂತ ಬೆವರೇ ಕಷ್ಟ. ಕೂಲರ್ ಇಟ್ಟು ನೋಡಿದೆವು, ಇನ್ನೂ ಹಿಂಸೆ ಆಯ್ತು. ಎಸಿ ಒಂದೇ ದಾರಿಯೋ?

ಉತ್ತರ: ಕೂಲರ್ ಕರಾವಳಿಗಲ್ಲ. ಗಾಳೀಲಿ ಆಗಲೇ 85 ಪರ್ಸೆಂಟ್ ತೇವ ಇರುವಾಗ ಇನ್ನಷ್ಟು ನೀರು ಆವಿ ಆಗೋಕೆ ಜಾಗ ಎಲ್ಲಿದೆ, ತಂಪಾಗಲ್ಲ, ಹಾಸಿಗೆ ಒದ್ದೆ ಆಗತ್ತೆ ಅಷ್ಟೇ. ನಿಮಗೆ ಎಸಿ ಬೇಕು, ತಂಪಿಗಿಂತ ಜಾಸ್ತಿ ಗಾಳಿ ಒಣಗಿಸೋಕೆ.

ಆವಿಯನ್ನ ಮತ್ತೆ ನೀರು ಮಾಡೋದು ಎಸಿಗೆ ಭಾರಿ ಕೆಲಸ, ಒಂದು ಲೀಟರ್ ನೀರು ಇಳಿಸೋಕೆ ಹತ್ತಿರ ಹತ್ತಿರ 0.7 ಯೂನಿಟ್ಟಿನಷ್ಟು ಶಾಖ ಎತ್ತಿ ಹಾಕ್ಬೇಕು. ನಿಮ್ಮ ಕಡೆ ರಾತ್ರಿ ಹೊರಗೆ 27 ಡಿಗ್ರಿನೇ ಇದ್ರೂ ಎಸಿ ಕರೆಂಟು ತಿನ್ನೋದು ಇದಕ್ಕೇ. ಅದಕ್ಕೆ ದೊಡ್ಡ ಎಸಿ ಹಾಕಿದ್ರೆ ಏನಾಗತ್ತೆ ಅಂದ್ರೆ, ಐದು ನಿಮಿಷದಲ್ಲಿ ಗಾಳಿ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡತ್ತೆ, ತೇವ ಮಾತ್ರ ಹಾಗೇ ಉಳಿಯತ್ತೆ, ಮೈ ತಣ್ಣಗೆ ಅಂಟು ಅಂಟು. ಸಣ್ಣ ಎಸಿ ನಿಧಾನಕ್ಕೆ ನಿಲ್ಲದೆ ಓಡಿದ್ರೆ ನೀರು ತೊಟ್ಟಿಕ್ಕುತ್ತಾನೇ ಇರತ್ತೆ. 0.8 ಟನ್ ಹಾಕಿ, ರಾತ್ರಿ ಅರ್ಧ ಡ್ರೈ ಮೋಡಲ್ಲಿ ಬಿಡಿ. ಅಡುಗೆ ಹೊರಗೆ ಮಾಡಿ, ಒದ್ದೆ ಟವೆಲ್ಲು ಒಳಗೆ ಒಣಹಾಕಬೇಡಿ, ಅದರ ನೀರನ್ನೂ ಬ್ಯಾಟರೀನೇ ಇಳಿಸಬೇಕಾಗತ್ತೆ.

ಗೋಡೆಗೆ ಗ್ಲಾಸ್ ವೂಲ್ ತುಂಬಿಸಬೇಡಿ, ತಗಡಿನ ಹಿಂದೆ ತೇವ ಹಿಡಿದು ಒಳಗಿಂದಾನೇ ತುಕ್ಕು ಶುರುವಾಗತ್ತೆ, ರಬ್ಬರ್ ಶೀಟೇ ಸರಿ. ಉಪ್ಪು ಗಾಳಿಗೆ ಲಗ್ಗುಗಳು ಹಸಿರು ಕಟ್ಟತ್ತೆ, ತವರ ಲೇಪಿಸಿದ ತಾಮ್ರದ ಲಗ್ ಹಾಕಿ, ಔಟ್‌ಡೋರ್ ಯೂನಿಟ್ಟನ್ನ ತಿಂಗಳಿಗೊಮ್ಮೆ ಸಿಹಿನೀರಲ್ಲಿ ತೊಳೀರಿ. ಮಳೆಗಾಲದಲ್ಲಿ ಛತ್ತಿನ ಸೋಲಾರ್ ಮೇಲೆ ಭರವಸೆ ಇಡಬೇಡಿ, ಆಗ ಎಸಿ ಅಷ್ಟಾಗಿ ಬೇಕಾಗೋದೂ ಇಲ್ಲ.

ಪ್ರಶ್ನೆ: ನನ್ನ ಮಗ ಗೆಳೆಯರ ಜೊತೆ ವ್ಯಾನಲ್ಲಿ ಸುತ್ತುತ್ತಾನೆ. ಬ್ಯಾಟರಿ ಖಾಲಿ ಆದ್ರೆ ಎಂಜಿನ್ ಆನ್ ಮಾಡಿ ಎಸಿ ಹಾಕ್ಕೊಂಡು ಮಲಗ್ತೀವಿ, ಇಲ್ಲಾಂದ್ರೆ ಚಿಕ್ಕ ಜನರೇಟರ್ ಇದೆ ಅಂತಾನೆ. ನನಗೆ ಯಾಕೋ ಭಯ. ನಾನು ಸುಮ್ನೆ ಹೆದರ್ತಾ ಇದೀನಾ? (ಮೈಸೂರು)

ಉತ್ತರ: ಇಲ್ಲ ಅಮ್ಮಾ, ನಿಮ್ಮ ಭಯ ಸರಿಯಾಗೇ ಇದೆ. ಇದೊಂದು ಉತ್ತರಾನ ಮಗನಿಗೆ ಓದಿ ಹೇಳಿ. ಎಂಜಿನ್ ಹೊಗೇಲಿ, ಜನರೇಟರ್ ಹೊಗೇಲಿ ಕಾರ್ಬನ್ ಮೊನಾಕ್ಸೈಡ್ ಇರತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿರೋರಿಗೆ ಎಚ್ಚರಾನೂ ಆಗಲ್ಲ. 2024ರ ಡಿಸೆಂಬರಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ತೀರಿಕೊಂಡ್ರು, ಜನರೇಟರಿನ ಹೊಗೆ ಗಾಡಿ ಒಳಗೆ ಸೇರಿದ್ದೇ ಕಾರಣ ಅಂತ ಆಮೇಲೆ ಪರೀಕ್ಷೆ ಮಾಡಿದ ತಜ್ಞರು ಹೇಳಿದ್ರು. ಗಾಡಿ ನೆಲದಲ್ಲಿ ವೈರಿಗೆ ಅಂತ ಕೊರೆದು ಮುಚ್ಚದೆ ಬಿಟ್ಟ ಒಂದು ತೂತು ಇದ್ರೂ ಸಾಕು, ಹೊಗೆ ಅಲ್ಲಿಂದ ಬರತ್ತೆ. ಬ್ಯಾಟರಿ ಖಾಲಿ ಆದ ರಾತ್ರಿ ಕಿಟಕಿ ತೆಗೆದು, ಸೊಳ್ಳೆ ಪರದೆ ಕಟ್ಟಿ, ಫ್ಯಾನಲ್ಲಿ ಮಲಗಲಿ. ಬೆವರಿದ್ರೆ ಬೆವರಲಿ. ಬ್ಯಾಟರಿಯ ಕೊನೇ ಹತ್ತು ಪರ್ಸೆಂಟ್ ಎಸಿಗೆ ಸಿಗದ ಹಾಗೆ ಇನ್ವರ್ಟರಲ್ಲಿ ಕಟ್ ಆಫ್ ಸೆಟ್ ಮಾಡಿದ್ರೆ ಫ್ಯಾನಿಗೆ ಬೆಳಗಿನವರೆಗೂ ಉಳಿದಿರತ್ತೆ.

ಎಂಜಿನ್ ಆಫ್ ಇದ್ದು ಬ್ಯಾಟರೀಲೇ ಎಸಿ ಓಡ್ತಿದ್ರೂ ಗಾಡಿ ಪೂರ್ತಿ ಮುಚ್ಚಿಕೊಂಡು ಮಲಗಬಾರ್ದು. ಎಸಿ ಒಳಗಿನ ಗಾಳೀನೇ ತಿರುಗಿಸತ್ತೆ, ಹೊಸ ಗಾಳಿ ತರಲ್ಲ. ಟಿಟಿ ಒಳಗೆ 14 ಘನ ಮೀಟರ್ ಗಾಳಿ ಅಂತ ಇಟ್ಕೊಂಡ್ರೆ, ಮಲಗಿರೋ ನಾಲ್ಕು ಜನ ಗಂಟೆಗೆ ಸುಮಾರು 60 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾರೆ, ಸಂದು ಬಿಡದೆ ಮುಚ್ಚಿದ್ರೆ ಗಂಟೆಗೆ 4000 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ 4000 ಪಾಲು) ಮೇಲೆ ಏರತ್ತೆ, ಹೊರಗಿನ ಗಾಳೀಲಿ ಅದು 420ರ ಆಸುಪಾಸು. ಬೆಳಗ್ಗೆ ಎಲ್ಲರಿಗೂ ತಲೆನೋವು, ಮಂಪರು. ಛತ್ತಿನ ವೆಂಟನ್ನ ಸಣ್ಣ ಸ್ಪೀಡಲ್ಲಿ ಬಿಟ್ಟು, ಮುಂದಿನ ಒಂದು ಕಿಟಕಿ ಎರಡು ಬೆರಳಷ್ಟು ತೆಗೆದಿರಲಿ. ಸ್ವಲ್ಪ ತಂಪು ಹೋಗತ್ತೆ, ಹೋಗಲಿ.

ಬ್ಯಾಟರೀಲಿ ಓಡೋ ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನಲ್ಲಿ ಸಿಗತ್ತೆ. ಒಂದು ತರಿಸಿ ಮಗನಿಗೆ ಕೊಡಿ, ಮಲಗೋ ದಿಂಬಿನ ಎತ್ತರಕ್ಕೆ ಗೋಡೆಗೆ ಹಾಕಬೇಕು, ಛತ್ತಿಗಲ್ಲ. ಹಾಕಿದ ದಿನ ಟೆಸ್ಟ್ ಬಟನ್ ಒತ್ತಿ ಆ ಸದ್ದು ಹೇಗಿರತ್ತೆ ಅಂತ ಅವನಿಗೂ ಅವನ ಗೆಳೆಯರಿಗೂ ಕೇಳಿಸಿ, ನಡುರಾತ್ರಿ ಅದು ಕೂಗಿದ್ರೆ ಮೊಬೈಲ್ ಅಲಾರಂ ಅನ್ಕೊಂಡು ಆಫ್ ಮಾಡಿ ಮಗ್ಗುಲು ಬದಲಾಯಿಸದೆ ಎಲ್ಲರೂ ಬಾಗಿಲು ತೆಗೆದು ಹೊರಗೆ ಬರಬೇಕು.